ವ್ಯಸನಿ, ಕಾನೂನು ಮತ್ತು ತಕ್ಕಡಿ

ಮಾದಕ ವಸ್ತು ಸೇವಿಸಿದವರನ್ನು ಜೈಲಿಗೆ ಕಳಿಸಲೇಬೇಕು ಎನ್ನುವವರು ಮೊದಲು ಎತ್ತಿಕೊಳ್ಳುವುದು ಸಂವಿಧಾನದ 47ನೇ ವಿಧಿಯನ್ನು. ಆರೋಗ್ಯಕ್ಕೆ ಹಾನಿಕರವಾದ ಮದ್ಯ, ಮಾದಕ ವಸ್ತುಗಳ ಸೇವನೆಯನ್ನು ನಿಷೇಧಿಸಲು ರಾಜ್ಯ ಪ್ರಯತ್ನಿಸಬೇಕು ಎಂದು ಅದು ಹೇಳುವುದು ನಿಜ. ಆದರೆ ಆ ವಿಧಿ ಆರಂಭವಾಗುವುದೇ ಜನರ ಪೌಷ್ಟಿಕತೆ, ಜೀವನಮಟ್ಟ, ಸಾರ್ವಜನಿಕ ಆರೋಗ್ಯಗಳ ಸುಧಾರಣೆ ರಾಜ್ಯದ ಆದ್ಯ ಕರ್ತವ್ಯ ಎಂಬ ಮಾತಿನಿಂದ. ನಿಷೇಧದ ಪ್ರಸ್ತಾಪ ಬರುವುದು ಆ ಕರ್ತವ್ಯದ ಒಂದು ಅಂಗವಾಗಿ. ಆಸ್ಪತ್ರೆ ಮಾಡಬೇಕಾದ ಕೆಲಸವನ್ನು ನಾವು ಪೊಲೀಸ್ ಠಾಣೆಗೆ ಒಪ್ಪಿಸಿ ಕುಳಿತಿದ್ದೇವೆ. ದಂಧೆ ನಡೆಸುವವರಿಗೆ ಶಿಕ್ಷೆಯಾಗಲಿ. ಸೇವಿಸಿದವನನ್ನು ಮಾತ್ರ ಅಪರಾಧಿಗಳ ಪಟ್ಟಿಯಿಂದ ತೆಗೆಯಬೇಕು ಎಂಬುದು ನನ್ನ ವಾದ.

ಗಾಂಜಾ, ಚರಸ್ ಕುರಿತು 1893-94ರಲ್ಲಿ ವಿಚಾರಣೆ ನಡೆಸಿದ ಬ್ರಿಟಿಷ್ ಸರ್ಕಾರದ ಆಯೋಗವೇ ಪೂರ್ಣ ನಿಷೇಧ ಬೇಡವೆಂದು ವರದಿ ಕೊಟ್ಟಿತ್ತು. ಸ್ವತಂತ್ರ ಭಾರತ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯನ್ನು ತಂದದ್ದು ಮುಖ್ಯವಾಗಿ 1961ರ ಅಂತರರಾಷ್ಟ್ರೀಯ ಒಪ್ಪಂದದ ಒತ್ತಾಯಕ್ಕೆ. 1985ರ ಆಗಸ್ಟ್ 23ರಂದು ಮಂಡನೆಯಾದ ಮಸೂದೆಗೆ ಸೆಪ್ಟೆಂಬರ್ 16ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಇಷ್ಟು ಕಠಿಣ ಕಾಯ್ದೆಗೆ ಒಂದು ತಿಂಗಳೂ ಹಿಡಿಯಲಿಲ್ಲ. 1989ರಲ್ಲಿ ಜಾಮೀನು ಇನ್ನಷ್ಟು ಬಿಗಿಯಾಯಿತು, ಕೆಲವು ಅಪರಾಧಗಳನ್ನು ಮತ್ತೆ ಮಾಡಿದವರಿಗೆ ಮರಣದಂಡನೆಯನ್ನೇ ಕಡ್ಡಾಯ ಮಾಡಲಾಯಿತು. 2001ರಲ್ಲಿ ಪ್ರಮಾಣಕ್ಕೆ ತಕ್ಕ ಶಿಕ್ಷೆ ಎಂಬ ಸ್ವಲ್ಪ ಸಡಿಲಿಕೆ ಬಂತು. 2014ರಲ್ಲಿ ಮರಣದಂಡನೆಯ ಕಡ್ಡಾಯ ಹೋಯಿತಾದರೂ ಅದೇ ತಿದ್ದುಪಡಿ ಅಲ್ಪ ಪ್ರಮಾಣ ಇಟ್ಟುಕೊಂಡವರ ಗರಿಷ್ಠ ಶಿಕ್ಷೆಯನ್ನು ಆರು ತಿಂಗಳಿಂದ ಒಂದು ವರ್ಷಕ್ಕೆ ಏರಿಸಿತು. ಬರೀ ಸೇವನೆಗೂ 27ನೇ ಸೆಕ್ಷನ್ ಕಾದಿದೆ: ಹೆರಾಯಿನ್, ಕೊಕೇನ್ ಆದರೆ ಒಂದು ವರ್ಷದವರೆಗೆ, ಗಾಂಜಾ ಆದರೆ ಆರು ತಿಂಗಳವರೆಗೆ ಜೈಲು.

ಪ್ರಮಾಣ ಎಂದೆನಲ್ಲ, ಆ ತೂಕದ ಲೆಕ್ಕವನ್ನು ತುಸು ಹತ್ತಿರದಿಂದ ನೋಡಬೇಕು. ಹೆರಾಯಿನ್‌ಗೆ 5 ಗ್ರಾಂ ವರೆಗೆ ಅಲ್ಪ ಪ್ರಮಾಣ, 250 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ. ಬಡ ವ್ಯಸನಿಯ ಕೈಗೆ ಸಿಗುವುದು ಶುದ್ಧ ಹೆರಾಯಿನ್ ಅಲ್ಲ, ಏನೇನೋ ಬೆರೆಸಿದ ಬ್ರೌನ್ ಶುಗರ್. ಅದರೊಳಗಿನ ಮಾದಕ ಅಂಶವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕೆಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2020ರ ಹೀರಾ ಸಿಂಗ್ ತೀರ್ಪು ಅದನ್ನು ತಳ್ಳಿಹಾಕಿ, ಬೆರಕೆಯನ್ನೂ ಸೇರಿಸಿಯೇ ತೂಗಬೇಕೆಂದಿತು. ಒಬ್ಬನ ಬಳಿ 8 ಗ್ರಾಂ ಪುಡಿ ಸಿಕ್ಕಿ, ಅದರಲ್ಲಿ ಹೆರಾಯಿನ್ ಇರುವುದು ಒಂದೇ ಗ್ರಾಂ ಎಂದುಕೊಳ್ಳಿ. ಹಿಂದಿನ ಲೆಕ್ಕದಲ್ಲಿ ಅವನದು ಅಲ್ಪ ಪ್ರಮಾಣ, ಹೆಚ್ಚೆಂದರೆ ಒಂದು ವರ್ಷ. ಈಗಿನ ಲೆಕ್ಕದಲ್ಲಿ ಹತ್ತು ವರ್ಷದವರೆಗೂ ಶಿಕ್ಷೆಯಾಗಬಹುದು. ಜೊತೆಗೆ ಇನ್ನೊಂದು ಬಾಗಿಲೂ ಮುಚ್ಚುತ್ತದೆ. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಯ ಮೇಲೆ ಮೊಕದ್ದಮೆ ನಡೆಸಬಾರದು ಎನ್ನುವ 64ಎ ಸೆಕ್ಷನ್ ಅನ್ವಯಿಸುವುದು ಸೇವನೆ ಮತ್ತು ಅಲ್ಪ ಪ್ರಮಾಣದ ಪ್ರಕರಣಗಳಿಗೆ ಮಾತ್ರ. ವರ್ತಕ ಬೆರೆಸಿದ ಪುಡಿಯಿಂದಾಗಿ ಗಿರಾಕಿ ಚಿಕಿತ್ಸೆಯ ರಕ್ಷಣೆ ಕಳೆದುಕೊಳ್ಳುತ್ತಾನೆ. ಇದು ಅನ್ಯಾಯ. ರಕ್ಷಣೆ ಸಿಕ್ಕವರಿಗೂ ಅದು ಗಟ್ಟಿಯಲ್ಲ, ಚಿಕಿತ್ಸೆ ಪೂರ್ಣಗೊಳಿಸದಿದ್ದರೆ ವಾಪಸು ಹೋಗಬಹುದು. ಬಿಟ್ಟ ಚಟ ಮತ್ತೆ ಹಿಡಿಯುವುದು ಈ ಕಾಯಿಲೆಯ ಲಕ್ಷಣವೆಂದು ಯಾವ ಮನೋವೈದ್ಯರನ್ನು ಕೇಳಿದರೂ ಹೇಳುತ್ತಾರೆ.

ಶಿಕ್ಷೆಯ ಭಯ ಹೋದರೆ ಊರೆಲ್ಲ ನಶೆಯಲ್ಲಿ ಮುಳುಗುತ್ತದೆ ಎಂಬ ಆತಂಕವನ್ನು ಹಗುರವಾಗಿ ತಳ್ಳಿಹಾಕಲಾರೆ. ಮಗನ ಚಟದಿಂದ ನೊಂದ ತಾಯಂದಿರ ಆತಂಕ ಅದು. ಆದರೆ ಭಯವನ್ನು ನಾವು 1985ರಿಂದ ಪರೀಕ್ಷಿಸಿ ನೋಡಿದ್ದೇವೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಏಮ್ಸ್ ನಡೆಸಿ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಅಫೀಮು ವರ್ಗದ ವಸ್ತುಗಳ ಬಳಕೆಗೆ ಸಂಬಂಧಿಸಿ ನೆರವು ಬೇಕಾದವರು ಸುಮಾರು 77 ಲಕ್ಷ. ಅಕ್ರಮ ಮಾದಕ ವಸ್ತುಗಳಿಗೆ ದಾಸರಾದವರಲ್ಲಿ ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದವರು ಇಪ್ಪತ್ತರಲ್ಲಿ ಒಬ್ಬರು. 2001ರಿಂದ ಪೋರ್ಚುಗಲ್‌ನಲ್ಲಿ ಹತ್ತು ದಿನದ ಬಳಕೆಗಾಗುವಷ್ಟು ಇಟ್ಟುಕೊಂಡವರು ಕ್ರಿಮಿನಲ್ ಕೋರ್ಟಿಗೆ ಹೋಗುವುದಿಲ್ಲ, ಮೂವರ ಸಮಿತಿಯ ಮುಂದೆ ಕೂರುತ್ತಾರೆ. ಅಲ್ಲಿ ಮಾದಕ ವಸ್ತು ಚುಚ್ಚಿಕೊಳ್ಳುವವರಲ್ಲಿ ಹೊಸ ಎಚ್‌ಐವಿ ಸೋಂಕು ತೀವ್ರವಾಗಿ ಇಳಿಯಿತು. ದೇಶವೇನೂ ನಶೆಯಲ್ಲಿ ಮುಳುಗಲಿಲ್ಲ.

ಅಮೆರಿಕದ ಒರೆಗಾನ್ ಇದನ್ನೇ ಮಾಡಿ 2024ರಲ್ಲಿ ಹಿಂದೆ ಸರಿಯಿತಲ್ಲ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಅಲ್ಲಿ 2021ರಲ್ಲಿ ಶಿಕ್ಷೆ ತೆಗೆದು 100 ಡಾಲರ್ ದಂಡದ ಚೀಟಿ ಕೊಟ್ಟರು; ಸಹಾಯವಾಣಿಗೆ ಕರೆ ಮಾಡಿದರೆ ದಂಡ ಮಾಫಿ ಎಂದರು. ಕರೆ ಮಾಡಿದವರು ತೀರ ವಿರಳ, ಚಿಕಿತ್ಸೆಗೆಂದು ಇಟ್ಟ ಹಣ ಕೇಂದ್ರಗಳಿಗೆ ತಲುಪಿದ್ದೂ ತಡವಾಗಿ. ಆಸ್ಪತ್ರೆ ಸಜ್ಜಾಗದೆ ಕಾನೂನನ್ನಷ್ಟೇ ತೆಗೆದರೆ ಹೀಗಾಗುತ್ತದೆ ಎಂಬುದೇ ಅಲ್ಲಿನ ಪಾಠ. ಆದ್ದರಿಂದ ಸಂಸತ್ತು ಮೊದಲು 64ಎ ಸೆಕ್ಷನ್ನಿನ ಷರತ್ತನ್ನು ಸಡಿಲಿಸಿ, ಮಾದಕ ಅಂಶವನ್ನಷ್ಟೇ ತೂಗುವ ನಿಯಮವನ್ನು ಮರಳಿ ತರಲಿ. ರಾಜ್ಯಗಳು ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ವ್ಯಸನ ಚಿಕಿತ್ಸೆಗೆ ಹಾಸಿಗೆ, ಔಷಧ, ವೈದ್ಯರನ್ನು ಒದಗಿಸಲಿ. ಆ ಬಳಿಕ 27ನೇ ಸೆಕ್ಷನ್ ರದ್ದಾಗಲಿ. ಇಲ್ಲಿ ಕುಳಿತಿರುವ ವಕೀಲರು, ವೈದ್ಯರು ತಮ್ಮ ತಮ್ಮ ಸಂಘಗಳ ಮೂಲಕ ಈ ಬೇಡಿಕೆಯನ್ನು ಜನಪ್ರತಿನಿಧಿಗಳ ಮುಂದೆ ಇಡಬೇಕೆಂದು ಕೇಳಿಕೊಳ್ಳುತ್ತೇನೆ.