ಚಿಕ್ಕ ಕೋಣೆಯಲ್ಲಿ ತಗ್ಗು ದನಿ
(ಉಪನ್ಯಾಸದ ಬರಹರೂಪ)

ಸಂಗೀತದ ತಳಪಾಯ ಅದರ ತಗ್ಗು ಸ್ವರಗಳಲ್ಲಿರುತ್ತದೆ. ಡೊಳ್ಳು ಕುಣಿತದ ಎದುರು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ದನಿ ಕಿವಿಯ ಜೊತೆಗೆ ಎದೆಗೂ ತಾಗುತ್ತದೆ. ಅದನ್ನು ಮನೆಯೊಳಗೆ ತರಬೇಕೆಂಬ ಆಸೆಯಿಂದ ಜನ ಸಬ್‌ವೂಫರ್ ಎಂಬ ಪೆಟ್ಟಿಗೆಯನ್ನು ಕೊಳ್ಳುತ್ತಾರೆ. ಅಂಗಡಿಯಲ್ಲಿ ಸೊಗಸಾಗಿ ಕೇಳಿಸಿದ್ದು ಮನೆಗೆ ಬಂದ ಮೇಲೆ ಒಂದು ಸ್ವರಕ್ಕೆ ಗುಂಯ್‌ಗುಟ್ಟುತ್ತದೆ. ಮತ್ತೊಂದು ಸ್ವರ ಕಾಣೆಯಾಗುತ್ತದೆ. ಪೆಟ್ಟಿಗೆಯೇ ಕೆಟ್ಟದ್ದೆಂದು ಇನ್ನೂ ದೊಡ್ಡದಕ್ಕೆ ಹಣ ಸುರಿಯುವವರುಂಟು. ದೋಷ ಬಹುಮಟ್ಟಿಗೆ ಪೆಟ್ಟಿಗೆಯದಲ್ಲ, ಕೋಣೆಯದು.

ತಗ್ಗು ದನಿಗೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕೆಂಬ ನಂಬಿಕೆ ಹಿಂದೆ ಬಲವಾಗಿತ್ತು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಅದನ್ನು ಬದಲಿಸಿದರು. ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗ್‌ನಂತೆ ಬಳಸಿ, ಹೆನ್ರಿ ಕ್ಲಾಸ್ ಜೊತೆಗೂಡಿ ಎಆರ್-1 ಎಂಬ ಸ್ಪೀಕರ್ ತಂದರು. 1974ರಲ್ಲಿ 'ಅರ್ತ್‌ಕ್ವೇಕ್' ಚಿತ್ರಕ್ಕಾಗಿ ಯೂನಿವರ್ಸಲ್ ಸಂಸ್ಥೆ ಚಿತ್ರಮಂದಿರಗಳಲ್ಲಿ ಬೃಹತ್ ಸ್ಪೀಕರ್‌ಗಳನ್ನಿಟ್ಟು ಪ್ರೇಕ್ಷಕರ ಕುರ್ಚಿಗಳನ್ನೇ ನಡುಗಿಸಿತು. 1992ರಲ್ಲಿ ಬಂದ ಡಾಲ್ಬಿ ಡಿಜಿಟಲ್ ವಿಧಾನದಲ್ಲಿ ತಗ್ಗು ದನಿಗೆಂದೇ ಪ್ರತ್ಯೇಕ ವಾಹಿನಿಯಿತ್ತು. ಚಿತ್ರಮಂದಿರದ ಈ ರೂಢಿ ನಡುಮನೆಗೂ ಬಂತು. ಆದರೆ ನಡುಮನೆ ಚಿತ್ರಮಂದಿರವಲ್ಲ.

ಏಕೆಂದು ನೋಡೋಣ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಸೆಕೆಂಡಿಗೆ 1000 ಕಂಪನಗಳ ದನಿಯ ಅಲೆ ಒಂದು ಮೊಳಕ್ಕಿಂತಲೂ ಚಿಕ್ಕದು. 50 ಕಂಪನಗಳ ದನಿಯ ಅಲೆ ಸುಮಾರು 7 ಮೀಟರ್, 20 ಕಂಪನಗಳದ್ದು 17 ಮೀಟರ್. 10 ಅಡಿಗೆ 12 ಅಡಿಯ ಕೋಣೆಯಲ್ಲಿ ಇಂಥ ಅಲೆಗೆ ಜಾಗವೇ ಸಾಲದು. ಅದು ಗೋಡೆಗೆ ಬಡಿದು ಹಿಂದಿರುಗಿ, ತನ್ನನ್ನೇ ಎದುರುಗೊಳ್ಳುತ್ತದೆ. ಅರ್ಧ ಅಲೆಯ ಉದ್ದ ಕೋಣೆಯ ಉದ್ದಕ್ಕೆ ಸಮನಾದಾಗ ಅಲೆ ನಿಂತಲ್ಲೇ ನಿಲ್ಲುತ್ತದೆ. 12 ಅಡಿಗೆ ಇದು ಸುಮಾರು 47 ಕಂಪನಗಳಲ್ಲಿ, 10 ಅಡಿಗೆ 56ರಲ್ಲಿ ನಡೆಯುತ್ತದೆ. ಚಾವಣಿಯ ಎತ್ತರವೂ 10 ಅಡಿಯಾದರೆ ಅದೇ 56 ಎರಡು ಕಡೆಯಿಂದ ಬಲಗೊಳ್ಳುತ್ತದೆ.

ಹೀಗೆ ನಿಂತ ಅಲೆಯ ಅಬ್ಬರ ಗೋಡೆಗಳ ಬಳಿ ಹೆಚ್ಚು, ಕೋಣೆಯ ನಡುವೆ ಬಹುತೇಕ ಇಲ್ಲ. ಗೋಡೆಗೊರಗಿದವರು 'ಸಾಕು, ಕಡಿಮೆ ಮಾಡಿ' ಎನ್ನುವಾಗ ನಡುವೆ ಕುಳಿತವರು 'ಏನೂ ಕೇಳಿಸುತ್ತಿಲ್ಲ' ಎನ್ನುವುದು ಇದರಿಂದಲೇ. ಇಬ್ಬರ ಮಾತೂ ನಿಜ.

ಪರದೆ, ಜಮಖಾನಗಳಿಂದ ಇದು ಸರಿಹೋಗದು. 1895ರಿಂದ ಹಾರ್ವರ್ಡ್‌ನಲ್ಲಿ ವ್ಯಾಲೇಸ್ ಸಬೈನ್ ಉಪನ್ಯಾಸ ಕೊಠಡಿಯೊಂದಕ್ಕೆ ಮೆತ್ತೆಗಳನ್ನು ತುಂಬಿ ಅದರ ಅನುರಣನ ಎಷ್ಟು ತಗ್ಗುತ್ತದೆಂದು ಅಳೆದರು. ಆದರೆ ಮೆತ್ತೆ ಚೆನ್ನಾಗಿ ಹೀರುವುದು ಮಧ್ಯಮ ಮತ್ತು ಮೇಲಿನ ದನಿಗಳನ್ನು. 50 ಕಂಪನಗಳ ಅಲೆಯನ್ನು ಹಾಗೆ ಹೀರಲು ಮಾರುದ್ದ ದಪ್ಪದ ಹೊದಿಕೆ ಬೇಕು. ಅಮೆರಿಕದ ಮನೆಗಳ ತೆಳು ಜಿಪ್ಸಂ ಗೋಡೆಗಳು ತಾವೇ ಅದುರಿ ತಗ್ಗು ದನಿಯನ್ನು ಕೊಂಚ ನುಂಗುತ್ತವೆ. ನಮ್ಮ ಇಟ್ಟಿಗೆ ಗೋಡೆ, ಕಾಂಕ್ರೀಟು ಚಾವಣಿಗಳು ಅದನ್ನು ಹೆಚ್ಚು ಕಡಿಮೆ ಹಾಗೆಯೇ ಹಿಂದಿರುಗಿಸುತ್ತವೆ.

ಹಾಗಾದರೆ ದಾರಿಯೇನು? ಸುಮಾರು 80 ಕಂಪನಗಳಿಗಿಂತ ಕೆಳಗಿನ ದನಿ ಯಾವ ದಿಕ್ಕಿನಿಂದ ಬಂತೆಂದು ಕಿವಿ ಹೇಳಲಾರದು. ಆದ್ದರಿಂದ ಪೆಟ್ಟಿಗೆಯನ್ನು ಎಲ್ಲಿ ಬೇಕಾದರೂ ಇಡಬಹುದು. ಅದನ್ನು ಕೇಳುವವರು ಕೂರುವ ಜಾಗದಲ್ಲಿಟ್ಟು, ಸಂಗೀತ ಹಾಕಿ, ಗೋಡೆಗುಂಟ ಬಗ್ಗಿ ನಡೆಯುತ್ತಾ ದನಿ ಎಲ್ಲಿ ಸಮವಾಗಿ ಕೇಳಿಸುತ್ತದೆಂದು ಹುಡುಕಬೇಕು. ಆಮೇಲೆ ಪೆಟ್ಟಿಗೆಯನ್ನು ಅಲ್ಲಿಗೆ ಸಾಗಿಸಬೇಕು. ಇದಕ್ಕೆ ಖರ್ಚಿಲ್ಲ.

ಇನ್ನೊಂದು ದಾರಿ ಒಂದು ದೊಡ್ಡ ಪೆಟ್ಟಿಗೆಯ ಬದಲು ಎರಡು ಚಿಕ್ಕವನ್ನು ಬಳಸುವುದು. ಹರ್ಮನ್ ಸಂಸ್ಥೆಯ ಟಾಡ್ ವೆಲ್ಟಿ 2002ರಲ್ಲಿ ಈ ಬಗ್ಗೆ ಪ್ರಬಂಧ ಮಂಡಿಸಿದರು. ನಾಲ್ಕು ಗೋಡೆಗಳ ಮಧ್ಯಬಿಂದುಗಳಲ್ಲಿ ನಾಲ್ಕು ಪೆಟ್ಟಿಗೆ ಇಟ್ಟರೆ ಎಲ್ಲ ಆಸನಗಳಿಗೂ ದನಿ ಹೆಚ್ಚು ಸಮವಾಗಿ ತಲುಪುತ್ತದೆ. ಎದುರುಬದುರು ಗೋಡೆಗಳ ನಡುವೆ ಎರಡನ್ನಿಟ್ಟರೂ ಫಲ ಅದಕ್ಕೆ ಹತ್ತಿರವೇ ಇರುತ್ತದೆ. ಕಾರಣ ಸರಳ. ಮಕ್ಕಳಾಡುವ ಸೀಸಾದ ಒಂದು ತುದಿ ಏರಿದಾಗ ಇನ್ನೊಂದು ಇಳಿಯುವಂತೆ, ನಿಂತ ಅಲೆಯ ಒತ್ತಡವೂ ಎರಡು ಗೋಡೆಗಳ ಬಳಿ ವಿರುದ್ಧವಾಗಿರುತ್ತದೆ. ಎರಡು ತುದಿಗಳನ್ನೂ ಏಕಕಾಲಕ್ಕೆ ಒತ್ತಿದರೆ ಸೀಸಾ ತೂಗುವುದಿಲ್ಲ. ಎರಡನೆಯ ಪೆಟ್ಟಿಗೆ ಅಬ್ಬರಕ್ಕಲ್ಲ, ಸಮತೋಲಕ್ಕೆ.

ಕೊನೆಗೆ ಗೋಡೆಯಾಚೆಯವರ ಮಾತು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬಲ್ ಮಿತಿ ಹಾಕಿವೆ. ಆ ಅಳತೆ 'ಎ' ಮಾಪನದ್ದು. ಅದು 50 ಕಂಪನಗಳ ದನಿಯನ್ನು ಸುಮಾರು 30 ಡೆಸಿಬಲ್‌ನಷ್ಟು ಕಡಿತಮಾಡಿಯೇ ಲೆಕ್ಕಕ್ಕೆ ಹಿಡಿಯುತ್ತದೆ. ಗೋಡೆ ದಾಟುವುದರಲ್ಲಿ ಮುಂದಿರುವುದೂ ಇದೇ ತಗ್ಗು ದನಿ. ಹಾಗಾಗಿ ಮೀಟರಿಗೆ ಸಮಾಧಾನವಾದರೂ ಪಕ್ಕದ ಮನೆಯ ಮಗು ಎಚ್ಚರವಾಗಿರಬಹುದು. ಕೋಣೆಯನ್ನು ಅರಿತು ಪೆಟ್ಟಿಗೆಯಿಟ್ಟವರಿಗೆ ಗುಂಡಿ ಹೆಚ್ಚು ತಿರುಗಿಸುವ ಅಗತ್ಯವೇ ಬೀಳುವುದಿಲ್ಲ. ಇದರಿಂದ ಸಂಗೀತಕ್ಕೂ ಲಾಭ, ನೆರೆಹೊರೆಗೂ ಲಾಭ.