ಶೆಲ್ ಸ್ಕ್ರಿಪ್ಟ್: ಬೆರಳಿನ ಬರಹ, ಕಣ್ಣಿನ ಓದು



ಶೆಲ್ ಸ್ಕ್ರಿಪ್ಟ್‌ಗಳನ್ನು ಓದಲು ಸುಲಭವಾಗುವಂತೆ ಬರೆಯುವುದು ಹೇಗೆ ಎಂಬ ವಿಷಯಕ್ಕೇ ಒಂದು ಸಂಕಿರಣ ಏರ್ಪಡಿಸಿದ ಸಂಘಟಕರಿಗೆ ಕೃತಜ್ಞತೆಗಳು. ನನ್ನ ಆಶಯವನ್ನು ಮೊದಲೇ ಹೇಳಿಬಿಡುತ್ತೇನೆ. ಟರ್ಮಿನಲ್‌ನಲ್ಲಿ ಟೈಪಿಸುವ ಕಮಾಂಡ್ ಬೆರಳಿಗೆ ಅನುಕೂಲವಾಗಿರಲಿ. ಫೈಲಿಗೆ ಇಳಿದ ಕಮಾಂಡ್ ಕಣ್ಣಿಗೆ ಅನುಕೂಲವಾಗಿರಲಿ. ಎರಡೂ ಕಡೆ ಭಾಷೆ ಒಂದೇ ಆದ್ದರಿಂದ ಟರ್ಮಿನಲ್‌ನ ಆತುರ ಫೈಲಿಗೂ ಬಂದು ಸೇರಿಕೊಳ್ಳುತ್ತದೆ. ಟರ್ಮಿನಲ್‌ನ ಕಮಾಂಡಿನ ಆಯುಸ್ಸು ಎಂಟರ್ ಒತ್ತುವವರೆಗೆ ಮಾತ್ರ. ಸ್ಕ್ರಿಪ್ಟ್ ಹಾಗಲ್ಲ, ಬರೆದವರು ಕೆಲಸ ಬಿಟ್ಟು ಹೋದ ಮೇಲೂ ಪ್ರತಿ ರಾತ್ರಿ ಬ್ಯಾಕಪ್ ತೆಗೆಯುತ್ತಲೇ ಇರುತ್ತದೆ. ಅದು ಕೆಟ್ಟು ನಿಂತ ದಿನ ತೆರೆದು ಓದಬೇಕಾದವರು ಬೇರೆ ಯಾರೋ.

ಬಹಳಷ್ಟು ಭಾಷೆಗಳಲ್ಲಿ ಸ್ಪೇಸ್ ಎಂಬುದು ಅಂದದ ಮಾತು. ಶೆಲ್‌ನಲ್ಲಿ ಅದು ಅರ್ಥದ ಮಾತು. ವೇರಿಯಬಲ್‌ಗೆ ಬೆಲೆ ಕೊಡುವಾಗ ಸಮ ಚಿಹ್ನೆಯ ಅಕ್ಕಪಕ್ಕ ಸ್ಪೇಸ್ ಇರಕೂಡದು; ಷರತ್ತಿನ ಚೌಕ ಆವರಣದೊಳಗೆ ಇರಲೇಬೇಕು. 2011ರಲ್ಲಿ ಬಂಬಲ್‌ಬೀ ಎಂಬ ಲಿನಕ್ಸ್ ತಂತ್ರಾಂಶದ ಇನ್‌ಸ್ಟಾಲ್ ಸ್ಕ್ರಿಪ್ಟ್‌ನಲ್ಲಿ ಏನಾಯಿತು ನೋಡಿ. ಫೈಲ್ ಅಳಿಸುವ ಆರ್‌ಎಂ ಕಮಾಂಡಿನ ಮುಂದೆ ಒಂದೇ ಒಂದು ಉದ್ದನೆಯ ಪಾತ್ ಇರಬೇಕಿತ್ತು. ಅದರಲ್ಲಿ 'ಯುಎಸ್‌ಆರ್' ಆದ ಮೇಲೆ ಒಂದು ಸ್ಪೇಸ್ ನುಸುಳಿತ್ತು. ಶೆಲ್ ಅದನ್ನು ಎರಡು ಪಾತ್ ಎಂದು ಓದಿ, ಯುಎಸ್‌ಆರ್ ಡೈರೆಕ್ಟರಿಯನ್ನೇ ಅಳಿಸಿಹಾಕಿತು. ಆ ಪಾತ್ ಕೋಟ್‌ಗಳ ಒಳಗಿದ್ದಿದ್ದರೆ ಸ್ಪೇಸ್ ಇದ್ದರೂ ಈ ಅನಾಹುತ ಆಗುತ್ತಿರಲಿಲ್ಲ.

2015ರಲ್ಲಿ ಲಿನಕ್ಸ್‌ನ ಸ್ಟೀಮ್ ತಂತ್ರಾಂಶದಲ್ಲಿ ಕಂಡ ದೋಷ ಇನ್ನೊಂದು ಬಗೆಯದು. ಅಲ್ಲಿ ಕೋಟ್ ಇತ್ತು, ಆದರೆ ಒಳಗಿನ ವೇರಿಯಬಲ್ ಖಾಲಿಯಾದಾಗ ಅಳಿಸುವ ಕೆಲಸ ರೂಟ್‌ನಿಂದಲೇ ಶುರುವಾಯಿತು. ಆ ಸಾಲಿನ ಮೇಲೆ ಒಂದು ಕಾಮೆಂಟೂ ಇತ್ತು: 'ಸ್ಕೇರಿ!' ಬರೆದವರಿಗೆ ಅಪಾಯದ ಸುಳಿವು ಇದ್ದೇ ಇತ್ತು. ಓದುವವರಿಗೆ ಬೇಕಾದದ್ದು ಆ ಭಯದ ಕಾರಣ: ವೇರಿಯಬಲ್ ಖಾಲಿಯಿದ್ದರೆ ಏನಾಗುತ್ತದೆ, ಅದನ್ನು ಎಲ್ಲಿ ತಡೆಯಲಾಗಿದೆ ಎಂಬ ಒಂದು ಸಾಲು. ಆ ಸಾಲು ಬರೆಯಲು ಕೂತವರು ತಡೆ ಎಲ್ಲೂ ಇಲ್ಲವೆಂಬುದನ್ನು ತಾವೇ ಕಂಡುಕೊಳ್ಳುತ್ತಾರೆ.

ಇನ್ನು ಸಾಲು ಮುರಿಯುವ ಪ್ರಶ್ನೆ. ನಾಲ್ಕೈದು ಕಮಾಂಡ್‌ಗಳ ಪೈಪ್‌ಲೈನ್ ಒಂದೇ ಸಾಲಿನಲ್ಲಿದ್ದರೆ ಓದುವವರಿಗೆ ಉಸಿರುಗಟ್ಟುತ್ತದೆ. ಒಂದೊಂದನ್ನೂ ಒಂದೊಂದು ಸಾಲಿಗೆ ಇಳಿಸಿದರೆ ಪೈಪ್ ಚಿಹ್ನೆ ಎಲ್ಲಿರಬೇಕು? ಹೊಸ ಸಾಲಿನ ಮೊದಲಿಗಿದ್ದರೆ ಇದು ಮುಂದುವರಿದ ಭಾಗ ಎಂದು ಕಣ್ಣಿಗೆ ಥಟ್ಟನೆ ತಿಳಿಯುತ್ತದೆ. ಗೂಗಲ್‌ನ ಶೆಲ್ ಶೈಲಿ ಕೈಪಿಡಿ ಹೇಳುವುದೂ ಇದನ್ನೇ. ಆದರೆ ಹಾಗೆ ಬರೆಯಲು ಹಿಂದಿನ ಸಾಲಿನ ಕೊನೆಗೆ ಬ್ಯಾಕ್‌ಸ್ಲ್ಯಾಶ್ ಬೇಕು, ಅದರ ಆಚೆ ಕಣ್ಣಿಗೆ ಕಾಣದ ಒಂದು ಸ್ಪೇಸ್ ಉಳಿದರೂ ಕಮಾಂಡ್ ಮುರಿದುಬೀಳುತ್ತದೆ. ಪೈಪನ್ನು ಸಾಲಿನ ಕೊನೆಗಿಟ್ಟರೆ ಬ್ಯಾಕ್‌ಸ್ಲ್ಯಾಶಿನ ಹಂಗಿಲ್ಲ, ಆದರೆ ಓಟದಲ್ಲಿ ಓದುವವರ ಕಣ್ಣು ತಪ್ಪಬಹುದು. ಎರಡಕ್ಕೂ ಕಾರಣಗಳಿವೆ. ಯಾವುದನ್ನು ಆಯ್ದರೂ ತಂಡದವರೆಲ್ಲ ಅದನ್ನೇ ಪಾಲಿಸಬೇಕು ಎಂಬುದಷ್ಟೇ ನನ್ನ ಹಟ.

ಟ್ಯಾಬ್ ಮತ್ತು ಸ್ಪೇಸ್‌ಗಳ ಹಳೆಯ ಜಗಳಕ್ಕೂ ಶೆಲ್‌ನಲ್ಲಿ ತಾಂತ್ರಿಕ ಕಾರಣವೊಂದಿದೆ. ಅದೇ ಕೈಪಿಡಿ ಇಂಡೆಂಟ್‌ಗೆ 2 ಸ್ಪೇಸ್, ಸಾಲಿಗೆ ಹೆಚ್ಚೆಂದರೆ 80 ಅಕ್ಷರ ಎನ್ನುತ್ತದೆ. ಆದರೆ ಹಿಯರ್-ಡಾಕ್ಯುಮೆಂಟ್‌ಗೆ ಹೈಫನ್ ಸೇರಿಸಿದಾಗ ಶೆಲ್ ಸಾಲಿನ ಮೊದಲಿನ ಟ್ಯಾಬ್‌ಗಳನ್ನು ಮಾತ್ರ ತೆಗೆದುಹಾಕುತ್ತದೆ, ಸ್ಪೇಸ್‌ಗಳನ್ನು ಮುಟ್ಟುವುದಿಲ್ಲ. ಕಮಾಂಡಿನ ಆಯ್ಕೆಗಳ ವಿಚಾರದಲ್ಲೂ ಹೀಗೇ. ಟೈಪಿಸುವಾಗ ಒಂದಕ್ಷರದ ಆಯ್ಕೆ ಸಾಕು; ಫೈಲಿನಲ್ಲಿ 'ರಿಕರ್ಸಿವ್' ಎಂದು ಪೂರ್ತಿ ಬರೆದರೆ ಮ್ಯಾನ್ ಪುಟ ತೆರೆಯುವ ಕೆಲಸ ತಪ್ಪುತ್ತದೆ. ಆದರೆ ಇಂಥ ಉದ್ದ ಆಯ್ಕೆಗಳು ಗ್ನೂ ಪರಿಕರಗಳ ರೂಢಿ, ಪಾಸಿಕ್ಸ್ ಮಾನಕದಲ್ಲಿಲ್ಲ. ಸ್ಕ್ರಿಪ್ಟ್ ಎಲ್ಲೆಲ್ಲಿ ಓಡಬೇಕೆಂದು ತಿಳಿದೇ ಬರೆಯಬೇಕು.

1979ರ ಏಳನೇ ಆವೃತ್ತಿಯ ಯುನಿಕ್ಸ್‌ನೊಂದಿಗೆ ಬಂದ ಶೆಲ್‌ನಲ್ಲಿ ಸ್ಟೀಫನ್ ಬೋರ್ನ್ ಅವರು ಆಲ್ಗಾಲ್ 68ರ ಮಾದರಿಯಲ್ಲಿ 'ಇಫ್'ಗೆ 'ಫೈ', 'ಕೇಸ್'ಗೆ 'ಎಸ್ಯಾಕ್' ಎಂಬ ಮುಕ್ತಾಯಗಳನ್ನಿಟ್ಟರು. ಎಲ್ಲಿ ತೆರೆಯಿತು, ಎಲ್ಲಿ ಮುಚ್ಚಿತು ಎಂದು ತೋರಿಸುವ ಕಾಳಜಿ ಈ ಭಾಷೆಯ ಹುಟ್ಟಿನಲ್ಲೇ ಇದೆ. ಆ ಕಾಳಜಿಯನ್ನು ಇಂಡೆಂಟ್‌ನ ಮೂಲಕ ಪೂರ್ಣಗೊಳಿಸಬೇಕಾದವರು ನಾವು.

ಇಂಡೆಂಟ್ ಸರಿಪಡಿಸಲು ಇಂದು ಎಸ್‌ಎಚ್‌ಎಫ್‌ಎಂಟಿ ಎಂಬ ಪರಿಕರ ಇದೆ. ಬಿಟ್ಟುಹೋದ ಕೋಟ್‌ಗಳನ್ನು ಶೆಲ್‌ಚೆಕ್ ಎತ್ತಿ ತೋರಿಸುತ್ತದೆ. ಅವುಗಳಿಗೆ ಒಪ್ಪಿಸಬಹುದಾದದ್ದನ್ನು ಒಪ್ಪಿಸಿಬಿಡೋಣ. ವೇರಿಯಬಲ್‌ಗೆ ತಕ್ಕ ಹೆಸರು, ಫಂಕ್ಷನ್ ಎಲ್ಲಿ ಒಡೆಯಬೇಕೆಂಬ ವಿವೇಕ, ಕಾರಣ ಹೇಳುವ ಕಾಮೆಂಟ್, ಸ್ಕ್ರಿಪ್ಟ್ ಬೆಳೆದಾಗ ಬೇರೆ ಭಾಷೆಗೆ ಹೋಗುವ ನಿರ್ಧಾರ, ಇವು ಯಾವ ಪರಿಕರಕ್ಕೂ ದಕ್ಕುವುದಿಲ್ಲ. ಈ ಸಂಕಿರಣದ ಗೋಷ್ಠಿಗಳು ಚರ್ಚಿಸಬೇಕಾದದ್ದು ಇವನ್ನೇ. ಗೋಷ್ಠಿಗಳು ಮುಗಿಯುವ ಹೊತ್ತಿಗೆ ನಾವೆಲ್ಲ ಒಪ್ಪುವ ಒಂದೇ ಪುಟದ ನಿಯಮಗಳು ಸಿದ್ಧವಾಗಲಿ, ಪ್ರತಿ ನಿಯಮದ ಪಕ್ಕದಲ್ಲೂ ಅದರ ಕಾರಣ ಇರಲಿ. ಕಾರಣ ಗೊತ್ತಿದ್ದವರು ನಿಯಮವನ್ನು ಪಾಲಿಸುತ್ತಾರೆ, ಮುರಿಯಲೇಬೇಕಾದಾಗ ತಿಳಿದು ಮುರಿಯುತ್ತಾರೆ.