ಗ್ಯಾಸು ಮುಗಿಯುವುದಿಲ್ಲ, ಸೋರುತ್ತದೆ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಂಘದಲ್ಲಿ ಈಗ ಹೋಟೆಲಿನವರಷ್ಟೇ ಇಲ್ಲ. ಟ್ಯಾಕ್ಸಿ ಓಡಿಸುವವರಿದ್ದಾರೆ, ಗ್ಯಾರೇಜಿನಲ್ಲಿ ದುಡಿಯುವವರಿದ್ದಾರೆ, ನಾಲ್ಕು ಕಾಸು ಉಳಿಸಿ ಹಳೆಯ ಮಾರುತಿ 800 ಕೊಂಡವರೂ ಇದ್ದಾರೆ. ಆ ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಆದರೂ ನಮ್ಮವರ ಮನೆಗಳಲ್ಲಿ ಅದು ಇನ್ನೂ ಓಡುತ್ತಿದೆ. ಬೇಸಗೆಯಲ್ಲಿ ಮಕ್ಕಳನ್ನೂ ವಯಸ್ಸಾದ ತಾಯಿಯನ್ನೂ ಕೂರಿಸಿಕೊಂಡು ಮುಂಬಯಿಯಿಂದ ಊರಿಗೆ ಹೊರಡಬೇಕೆಂದಾಗ, ಐದಾರು ವರ್ಷ ಮುಟ್ಟದೆ ಬಿಟ್ಟ ಏಸಿಯ ನೆನಪಾಗುತ್ತದೆ. ಗುಂಡಿ ಒತ್ತಿದರೆ ಬಿಸಿಗಾಳಿ. ಕೂಡಲೇ ಯಾರೋ ಹೇಳುತ್ತಾರೆ: "ಗ್ಯಾಸು ಮುಗಿದಿದೆ, ತುಂಬಿಸಿಬಿಡಿ." ಈ ಒಂದು ಮಾತಿನಿಂದ ದುಡಿದವನ ಹಣ ಗಾಳಿಗೆ ಹೋಗುತ್ತಿದೆ. ಅದನ್ನು ತಡೆಯುವ ಬಗೆಯನ್ನು ಇಂದು ಹೇಳಬಯಸುತ್ತೇವೆ.

ಹೋಟೆಲಿನ ಒಲೆಯ ಗ್ಯಾಸು ಉರಿಯುತ್ತದೆ, ಮುಗಿಯುತ್ತದೆ. ಏಸಿಯ ಗ್ಯಾಸು ಉರಿಯುವುದಕ್ಕಲ್ಲ. ನಮ್ಮ ಫ್ರಿಜ್ಜಿನಲ್ಲಿರುವಂತೆ ಅದು ಸುತ್ತುತ್ತಲೇ ಇರುತ್ತದೆ. ಕಂಪ್ರೆಸರು ಅದನ್ನು ಒತ್ತುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು ಶಾಖ ಬಿಟ್ಟು ದ್ರವವಾಗುತ್ತದೆ. ಕಿರಿದಾದ ವಾಲ್ವನ್ನು ದಾಟಿ, ಡ್ಯಾಶ್‌ಬೋರ್ಡಿನ ಒಳಗಿರುವ ಕಾಯಿಲಿನಲ್ಲಿ ಕುದಿದು, ಕಾರಿನೊಳಗಿನ ಶಾಖವನ್ನು ಹೀರಿಕೊಂಡು ಮತ್ತೆ ಕಂಪ್ರೆಸರಿಗೆ ಬರುತ್ತದೆ. ಆದುದರಿಂದ ಗ್ಯಾಸು ಕಡಿಮೆಯಾಗಿದೆಯೆಂದರೆ ಎಲ್ಲೋ ತೂತಿದೆಯೆಂದೇ ಅರ್ಥ. ತೂತು ಹುಡುಕದೆ ತುಂಬಿಸುವುದು ಒಡೆದ ಕೊಡಕ್ಕೆ ನೀರು ಹೊತ್ತಂತೆ.

ಸುಮ್ಮನೆ ನಿಂತ ಏಸಿ ಏಕೆ ಕೆಡುತ್ತದೆ? ಕಂಪ್ರೆಸರಿಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಯಲ್ಲೇ ಸಂಚರಿಸುತ್ತದೆ. ಓಡುತ್ತಿದ್ದರೆ ಶಾಫ್ಟಿನ ಸೀಲು ಎಣ್ಣೆಯಲ್ಲಿ ನೆನೆದಿರುತ್ತದೆ. ವರ್ಷಗಟ್ಟಲೆ ನಿಂತರೆ ಸೀಲು ಒಣಗುತ್ತದೆ, ಕೂಡುಗಳ ರಬ್ಬರು ಉಂಗುರಗಳು ಗಡುಸಾಗುತ್ತವೆ, ಗ್ಯಾಸು ಮೆಲ್ಲಗೆ ಹೊರಟುಹೋಗುತ್ತದೆ. ಅದು ಹೋದ ದಾರಿಯಲ್ಲೇ ಗಾಳಿಯೂ ತೇವವೂ ಒಳಗೆ ಬರುತ್ತವೆ. ತೇವದಿಂದ ಒಳಗೆ ಆಮ್ಲ ಹುಟ್ಟಿ ಲೋಹವನ್ನು ತಿನ್ನುತ್ತದೆ.

ಆದುದರಿಂದ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಗುಂಡಿ ಒತ್ತಬೇಡಿ. ಬಾನೆಟ್ಟು ತೆರೆದು ಬೆಲ್ಟು ಬಿರಿದಿದೆಯೋ, ಇಲಿ ವಯರು ಕಡಿದಿದೆಯೋ, ಫ್ಯೂಜು ಹೋಗಿದೆಯೋ ನೋಡಿರಿ. ಎಂಜಿನು ನಿಲ್ಲಿಸಿ ಕಂಪ್ರೆಸರಿನ ಮುಂದಿನ ತಟ್ಟೆಯನ್ನು ಕೈಯಿಂದ ತಿರುಗಿಸಿರಿ. ನಯವಾಗಿ ತಿರುಗಿದರೆ ಆಶೆಯುಂಟು. ಬಿಗಿದುಕೊಂಡಿದ್ದರೆ ಬಲಾತ್ಕಾರ ಮಾಡಬಾರದು. ಲೋಹದ ಪುಡಿ ಕೊಳವೆಗಳಿಗೆ ಹರಡಿ ಖರ್ಚು ಹೆಚ್ಚೀತು.

ಬಳಿಕ ಗೇಜು ಹಾಕಿಸಿರಿ. ನೆರಳಿನಲ್ಲಿ ನಿಂತ ಕಾರಿನಲ್ಲಿ, 30 ಡಿಗ್ರಿ ಶಾಖದಲ್ಲಿ, ಆರ್-134ಎ ಗ್ಯಾಸಿನ ಒತ್ತಡ ಚದರ ಅಂಗುಲಕ್ಕೆ ಸುಮಾರು 95ರಿಂದ 100 ಪೌಂಡು ಇರಬೇಕು. ಅಷ್ಟಿದ್ದರೆ ಒಳಗೆ ಗ್ಯಾಸಿದೆಯೆಂದು ತಿಳಿಯುತ್ತದೆ, ಎಷ್ಟಿದೆಯೆಂದು ತಿಳಿಯುವುದಿಲ್ಲ. ಮುಳ್ಳು ಸೊನ್ನೆಯ ಹತ್ತಿರವಿದ್ದರೆ ಒಣ ನೈಟ್ರೋಜನ್ ತುಂಬಿ, ಕೂಡುಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ನೋಡಬೇಕು. ಆಕ್ಸಿಜನ್ನನ್ನು ಎಂದಿಗೂ ಬಳಸಕೂಡದು. ಎಣ್ಣೆಯೊಡನೆ ಸೇರಿ ಸ್ಫೋಟವಾದೀತು.

ಸೋರುವ ಭಾಗವನ್ನು ಸರಿಪಡಿಸಿ, ಉಂಗುರಗಳನ್ನು ಬದಲಿಸಿ, ತೇವ ಹೀರುವ ಡ್ರೈಯರನ್ನು ಹೊಸದು ಹಾಕಿಸಿರಿ. ಅನಂತರ ವ್ಯಾಕ್ಯೂಮ್ ಪಂಪು ಮುಕ್ಕಾಲು ಗಂಟೆಯಾದರೂ ಓಡಲಿ. ಗಾಳಿ ತೆಗೆದ ಕೊಳವೆಯಲ್ಲಿ ನೀರು ಬೆಂಕಿಯಿಲ್ಲದೆ ಕುದಿದು ಆವಿಯಾಗಿ ಹೊರಬೀಳುತ್ತದೆ. ಪಂಪು ನಿಲ್ಲಿಸಿ ಅರ್ಧ ಗಂಟೆ ಕಾಯಿರಿ. ಮುಳ್ಳು ಏರದಿದ್ದರೆ ಮಾತ್ರ ಕಾರಿಗೆ ಹೇಳಿದಷ್ಟು ಗ್ಯಾಸನ್ನು ತೂಕಮಾಡಿ ತುಂಬಬೇಕು.

ಇಲ್ಲೊಂದು ಮಾತು. ಪಂಪು ಓಡುವಾಗ ಮೆಕ್ಯಾನಿಕನು ಸುಮ್ಮನೆ ಕೂತಂತೆ ಕಾಣುತ್ತಾನೆ. "ಬೇಗ ಮುಗಿಸಪ್ಪಾ, ಕೂತದ್ದಕ್ಕೂ ದುಡ್ಡೇ?" ಎಂದು ನಾವೇ ಚೌಕಾಸಿ ಮಾಡುತ್ತೇವೆ. ದೋಸೆ ಹಿಟ್ಟು ರಾತ್ರಿಯಿಡೀ ಹುದುಗಬೇಕೆಂದು ಬಲ್ಲ ಹೋಟೆಲಿನವರು ಈ ಮಾತು ಆಡಬಹುದೇ? ಆ ಕಾಯುವಿಕೆಯೂ ಕೆಲಸವೇ. ಅದಕ್ಕೆ ಕೂಲಿ ಕೊಡದವನು ಮುಂದಿನ ಬೇಸಗೆಯಲ್ಲಿ ಎರಡರಷ್ಟು ಕೊಡುತ್ತಾನೆ.

ತೀರ ಹಳೆಯ ಕಾರುಗಳಲ್ಲಿ ಆರ್-12 ಎಂಬ ಗ್ಯಾಸಿತ್ತು. ಅದು ಆಕಾಶದ ಓಜೋನ್ ಪದರವನ್ನು ಕೆಡಿಸುವುದರಿಂದ 1987ರ ಮಾಂಟ್ರಿಯಲ್ ಒಪ್ಪಂದದಂತೆ, ನಮ್ಮಂಥ ದೇಶಗಳಲ್ಲೂ 2010ರ ಹೊತ್ತಿಗೆ ನಿಂತಿತು. ಅಂಥ ಕಾರಿಗೆ ಹೊಸ ಗ್ಯಾಸನ್ನು ಹಾಗೆಯೇ ಸುರಿಯುವಂತಿಲ್ಲ. ಹಳೆಯ ಎಣ್ಣೆ ತೆಗೆದು, ಹೊಸ ಗ್ಯಾಸಿಗೆ ಒಗ್ಗುವ ಎಣ್ಣೆ, ಉಂಗುರ, ಡ್ರೈಯರು ಹಾಕಬೇಕು. ಅಗ್ಗವೆಂದು ಅಡಿಗೆ ಗ್ಯಾಸು ತುಂಬಿಸುವ ಮಾತಿಗಂತೂ ಕಿವಿಗೊಡಬೇಡಿ. ತಣ್ಣನೆಯ ಕಾಯಿಲು ಇರುವುದು ನಾವು ಕೂರುವ ಕೋಣೆಗೆ ಸೇರಿಕೊಂಡೇ. ಅಲ್ಲಿ ಸೋರಿ ಒಂದು ಕಿಡಿ ತಗುಲಿದರೆ ಏನಾದೀತೆಂಬುದನ್ನು ಅಡಿಗೆಮನೆಯಲ್ಲಿ ದುಡಿದ ನಮಗೆ ಯಾರೂ ಕಲಿಸಬೇಕಿಲ್ಲ.

ಗ್ಯಾರೇಜಿನ ಹುಡುಗರ ವಿಷಯವನ್ನೂ ಮರೆಯಬಾರದು. ಆರ್-134ಎ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಕನ್ನಡಕ, ಕೈಗವಸು ಇಲ್ಲದ ಹುಡುಗನ ಕೈಗೆ ಪೈಪು ಕೊಡಲು ನಮ್ಮ ಕಾರಿನ ಕೆಲಸವಾದರೂ ಒಪ್ಪದಿರೋಣ. ಉಳಿದ ಗ್ಯಾಸನ್ನು ಬಯಲಿಗೆ ಬಿಡಲೂ ಒಪ್ಪಬಾರದು. ಅದರ ಒಂದು ಕಿಲೋ, ಸುಮಾರು 1400 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿಮಾಡುತ್ತದೆ. ಯಂತ್ರದಿಂದ ಅದನ್ನು ಹಿಂದಕ್ಕೆ ಹಿಡಿದಿಡುವ ಗ್ಯಾರೇಜಿಗೇ ಹೋಗಿರಿ.

ಕಂಪ್ರೆಸರು, ಕಂಡೆನ್ಸರು, ಒಳಗಿನ ಕಾಯಿಲು ಮೂರೂ ಹೋಗಿದ್ದರೆ ಲೆಕ್ಕ ಹಾಕಿರಿ. ಕಾರಿನ ಬೆಲೆಗಿಂತ ಏಸಿಯ ಖರ್ಚು ಭಾರವಾದರೆ ಕಿಟಕಿ ಇಳಿಸಿ, ಬೆಳಗಿನ ಜಾವ ಹೊರಡುವುದೇ ಜಾಣತನ. ಅದರಲ್ಲಿ ನಾಚಿಕೆಯೇನೂ ಇಲ್ಲ. ರಿಪೇರಿ ಕೈಗೂಡಿದರೆ ಮಳೆಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಏಸಿ ಓಡಿಸಿರಿ. ಸೀಲು ನೆನೆದಿರುತ್ತದೆ, ಮುಂಗಾಜಿನ ಮಬ್ಬೂ ಹೋಗುತ್ತದೆ.

ಯಾರಾದರೂ "ತುಂಬಿಸಿಬಿಡಿ" ಎಂದರೆ, "ತೂತು ಎಲ್ಲಿದೆ, ತೋರಿಸಪ್ಪಾ" ಎಂದು ಕೇಳಿರಿ. ಇಷ್ಟು ಹೇಳಿ ನಮ್ಮ ಮಾತನ್ನು ಮುಗಿಸುತ್ತೇವೆ.